ಓರಗಿತ್ತಿಯ ಉಪಗ್ರಹ, ನನ್ನ ಕೊಳವೆ

ನನ್ನ ಓರಗಿತ್ತಿ ಈ ಮನೆಗೆ ಕಾಲಿಟ್ಟ ಮೊದಲ ವಾರವೇ ಅತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು: “ಹುಣ್ಣಿಮೆ ಬಂತು ಅಂದ್ರೆ ನಮ್ಮ ಬೀದಿ ಚರಂಡಿಯೊಳಗಿಂದ ನೀರು ಮೇಲಕ್ಕೆ ಬರುತ್ತಲ್ಲ, ಅದ್ಯಾಕಮ್ಮಾ?”

ನಾನು ಅಲ್ಲೇ ಒಲೆಯ ಮುಂದೆ ನಿಂತಿದ್ದೆ. ಬಂದರಿನಲ್ಲಿ ಸಮುದ್ರದ ಮಟ್ಟ ಅಳೆಯುವುದೇ ನನ್ನ ಕೆಲಸ, ನನ್ನ ಅನ್ನ. ಇದೇ ಅತ್ತೆಗೆ ಇದೇ ಉಬ್ಬರದ ವಿಷಯವನ್ನು ಎಷ್ಟು ಸಲ ಹೇಳಿದ್ದೆನೆಂದರೆ ನನಗೇ ಬೇಸರ ಬಂದಿತ್ತು. ಆಗೆಲ್ಲ “ಹೂಂ, ಹೂಂ, ಹಾಲು ಉಕ್ಕೀತು ನೋಡು” ಎಂದವರು ಈಗ ಗಲ್ಲಕ್ಕೆ ಕೈಯಿಟ್ಟು, ಕಣ್ಣರಳಿಸಿ ಕೇಳಿದರು. ಅವಳೇನು ಹೊಸದನ್ನು ಹೇಳಿದಳೇ? ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ, ಚಂದ್ರ ಒಂದೇ ಸಾಲಿಗೆ ಬಂದು ನೀರನ್ನು ಎಳೆಯುತ್ತವೆ, ಉಬ್ಬರ ಜೋರಾಗುತ್ತದೆ, ಅಷ್ಟೇ. ಎಲ್ಲ ನನ್ನದೇ ಮಾತು. ಅತ್ತೆ ಮಾತ್ರ, “ಅಬ್ಬಬ್ಬಾ! ಏನು ಬಿಡಿಸಿ ಹೇಳ್ತಾಳೆ ನೋಡು ಈ ಹುಡುಗಿ!” ಎಂದರು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅವತ್ತಿನಿಂದಲೇ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಮುಚ್ಚುಮರೆ ಏನಿಲ್ಲ. ಅವಳ ಉದ್ದ ಜಡೆಗೋ ಮೈದುನ ಅವಳ ಹಿಂದೆ ಹಿಂದೆ ಸುತ್ತುವುದಕ್ಕೋ ನನಗೆ ಉರಿಯಲಿಲ್ಲ. ಊರಿನಲ್ಲಿ ಸಮುದ್ರದ ವಿಷಯ ಗೊತ್ತಿದ್ದವಳು ಎಂದರೆ ನಾನೊಬ್ಬಳೇ ಆಗಿದ್ದೆ. ಅವಳೂ ಅದೇ ಸಮುದ್ರವನ್ನು ಅಳೆಯುತ್ತಿದ್ದಳು. ಅದೂ ಎಲ್ಲಿಂದ? ಆಕಾಶದಿಂದ!

ನನ್ನ ಕಥೆ ಸರಳ. ದೋಣಿಗಳು ಬಂದು ನಿಲ್ಲುವ ಧಕ್ಕೆಯ ಕಟ್ಟೆಯ ತುದಿಯಲ್ಲಿ ಒಂದು ಪುಟ್ಟ ಕೋಣೆ, ಅದರ ನೆಲದಿಂದ ನೀರಿನೊಳಕ್ಕೆ ನೇರ ಇಳಿದ ಒಂದು ದಪ್ಪ ಕೊಳವೆ. ಕೊಳವೆಯ ತಳದಲ್ಲಿ ಒಂದೇ ಒಂದು ಸಣ್ಣ ತೂತು. ಹೊರಗೆ ಅಲೆ ಎಷ್ಟೇ ಕುಣಿಯಲಿ, ಆ ತೂತಿನಿಂದ ನೀರು ನಿಧಾನವಾಗಿ ಒಳಬರುವುದರಿಂದ ಒಳಗಿನ ಮಟ್ಟ ಶಾಂತ. ಅದರ ಮೇಲೆ ಒಂದು ತೇಲುಬುರುಡೆ. ಅದು ಏರಿದ್ದು, ಇಳಿದದ್ದು ಯಂತ್ರದಲ್ಲಿ ದಾಖಲಾಗುತ್ತದೆ. ಹೊರಗೆ ಗೋಡೆಗೆ ಗೆರೆ ಕೊರೆದ ಕೋಲೊಂದಿದೆ. ನಾನು ಕಣ್ಣಲ್ಲೇ ಓದಿ ಯಂತ್ರದ ಜೊತೆ ತಾಳೆ ನೋಡುತ್ತೇನೆ. ಗಾಳಿ ದಡಕ್ಕೆ ಬೀಸಿದರೆ ನೀರು ಏರುತ್ತದೆ, ಹೊರಕ್ಕೆ ಬೀಸಿದರೆ ಇಳಿಯುತ್ತದೆ. ವಾಯುಭಾರ ಕುಸಿದರೆ ಮೇಲಿನಿಂದ ಒತ್ತುವ ಭಾರ ಕಡಿಮೆಯಾಗಿ ಕಡಲು ಉಬ್ಬುತ್ತದೆ. ಬಿಸಿಲಿಗೆ ಕಾದ ನೀರು ಹಿಗ್ಗುತ್ತದೆ. ಇವೆಲ್ಲ ಬಂದು ಹೋಗುವ ನೆಂಟರು. ಎಲ್ಲವನ್ನೂ ಕಳೆದ ಮೇಲೆ ವರ್ಷದಿಂದ ವರ್ಷಕ್ಕೆ ಹೊರಡದೆ ಉಳಿಯುವ ಏರಿಕೆ ಇದೆಯಲ್ಲ, ಅದನ್ನು ಹಿಡಿಯುವುದಕ್ಕೇ ನಾನು ಆ ತೂತಿನಲ್ಲಿ ಕೂರುವ ಚಿಪ್ಪುಗಳನ್ನು ಕೆರೆದು ಕೆರೆದು ಕೈ ಒರಟಾಗಿಸಿಕೊಂಡದ್ದು.

ಅವಳ ಕೈ ನೋಡಬೇಕು, ಹೂವಿನಂಥ ಕೈ. ಅವಳ ಉಪಗ್ರಹ ಆಕಾಶದಿಂದ ಕಡಲಿಗೆ ರೇಡಿಯೋ ಅಲೆಗಳನ್ನು ಬಿಡುತ್ತದಂತೆ, ಅವು ನೀರಿಗೆ ಬಡಿದು ವಾಪಸ್ ಬರುವ ಹೊತ್ತಿನಿಂದ ಎತ್ತರ ತಿಳಿಯುತ್ತದಂತೆ. ಇವಳು ಮಹಡಿಯ ಕೋಣೆಯಲ್ಲಿ ಕಾಲು ಚಾಚಿಕೊಂಡು, ಚಹಾ ಕುಡಿಯುತ್ತಾ ಲೆಕ್ಕ ಹಾಕುತ್ತಾಳೆ. ನಾನು ಮನಸ್ಸಿನಲ್ಲೇ ಅವಳಿಗೆ ಆಕಾಶರಾಣಿ ಎಂದು ಹೆಸರಿಟ್ಟೆ. ಒಮ್ಮೆ ಗಂಡನ ಮುಂದೆ ಅದು ಬಾಯಿಗೂ ಬಂದುಬಿಟ್ಟಿತು.

“ನಿಂಗ್ಯಾಕೆ ಅವಳ ಮೇಲೆ ಅಷ್ಟು ಉರಿ?” ಎಂದು ನಕ್ಕ. ಅವನು ದೋಣಿಗಳ ಇಂಜಿನ್ ರಿಪೇರಿ ಮಾಡುವವನು. ಎಲ್ಲದಕ್ಕೂ ಎಣ್ಣೆ ಬಿಟ್ಟರೆ ಸಾಕು ಎಂದುಕೊಂಡಿದ್ದಾನೆ. “ಇಬ್ರೂ ಒಂದೇ ಕಸುಬಿನೋರು. ಚೆನ್ನಾಗಿರಿ.”

“ಒಂದೇ ಕಸುಬಾ? ದೂರದ ಬೆಟ್ಟ ನುಣ್ಣಗೆ ಕಾಣುತ್ತೆ ಕಣ್ರೀ. ದಡದ ಹತ್ರ ಬಂದ್ರೆ ಅವಳ ಉಪಗ್ರಹಕ್ಕೆ ನೆಲ ಯಾವ್ದು, ನೀರು ಯಾವ್ದು ಗೊತ್ತಾಗಲ್ಲ!”

ಇದು ಸುಳ್ಳಲ್ಲ. ಅವಳೇ ಒಪ್ಪಿದ್ದಳು. ಒಪ್ಪುವುದರಲ್ಲಿ ಅವಳು ಮಹಾ ಜಾಣೆ. “ಹೌದಕ್ಕಾ, ದಡದಲ್ಲಿ ನಿಮ್ಮ ಕೊಳವೆಗೆ ಸಮ ಯಾವ್ದೂ ಇಲ್ಲ” ಎನ್ನುತ್ತಿದ್ದಳು. ಜಗಳಕ್ಕೆ ಬಾರದವಳನ್ನು ಏನು ಮಾಡುವುದು?

ಜಗಳ ತಾನಾಗಿಯೇ ಬಂತು. ಬಂದರಿನ ನಮ್ಮ ಮೇಲಧಿಕಾರಿ ಮಾತಿಗೆ ಮುಂಚೆ ಕೆಮ್ಮುತ್ತಾರೆ, ಮಾತು ಮುಗಿದ ಮೇಲೂ ಕೆಮ್ಮುತ್ತಾರೆ. ಹಾಗಾಗಿ ನಾವೆಲ್ಲ ಬೆನ್ನ ಹಿಂದೆ ಕೆಮ್ಮಣ್ಣ ಎನ್ನುತ್ತೇವೆ. ಕೆಮ್ಮಣ್ಣ ನನ್ನನ್ನು ಕರೆದು, ಕೆಮ್ಮಿ, ಹೇಳಿದರು: “ನಿಮ್ಮ ಕೊಳವೆ ತೋರಿಸೋ ಏರಿಕೆ ಉಪಗ್ರಹ ತೋರಿಸೋದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಇದೆ. ಇಷ್ಟು ವ್ಯತ್ಯಾಸ ಅಂದ್ರೆ ಯಾವುದೋ ಒಂದು ಕೆಟ್ಟಿರಬೇಕು. ಉಪಗ್ರಹ ಕೆಡೋದು ಕಷ್ಟ. ಕೊಳವೆ ಹಳೇದು. ಮುಂದಿನ ಸಭೆಯಲ್ಲಿ ಮುಚ್ಚೋ ವಿಷಯ ಇಡ್ತೀನಿ.” ಮತ್ತೆ ಕೆಮ್ಮಿದರು.

ಮೈಯೆಲ್ಲ ಉರಿದುಹೋಯಿತು. ಉಪಗ್ರಹದ ಆ ಲೆಕ್ಕವನ್ನು ಕಳಿಸಿಕೊಟ್ಟವರು ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ನಮ್ಮ ಮನೆಯ ಮಹಡಿಯಿಂದಲೇ ಹೋಗಿತ್ತು ಅದು.

ರಾಡಿ ಬೂಟಿನಲ್ಲೇ ಮಹಡಿ ಹತ್ತಿದೆ. “ಈ ಮನೇಲಿ ನನ್ನ ಜಾಗ ತಗೊಂಡಿದ್ದು ಸಾಲ್ದು ಅಂತ ಕೆಲಸಾನೂ ತೆಗೀಬೇಕಿತ್ತಾ?” ಎಂದು ಬಾಗಿಲಲ್ಲೇ ಕೂಗಿದೆ.

ಅವಳ ಮುಖ ಬಿಳಿಚಿತು. “ಅಕ್ಕಾ, ಕೊಳವೆ ಮುಚ್ಚಿ ಅಂತ ನಾನು ಹೇಳಿಲ್ಲ. ಎರಡೂ ಯಾಕೆ ತಾಳೆ ಆಗ್ತಿಲ್ಲ ನೋಡಿ ಅಂತ ಬರೆದೆ. ಅವರು ಹೀಗೆ ಅರ್ಥ ಮಾಡ್ಕೊಂಡ್ರೆ...”

“ನನ್ನ ಕೊಳವೆ ಸರಿ ಇದೆ! ವರ್ಷಾ ವರ್ಷಾ ಕಚೇರಿ ಗೋಡೆಯ ಹಿತ್ತಾಳೆ ಮೊಳೆಗೆ ತಾಳೆ ನೋಡ್ತೀನಿ. ಕೂದಲೆಳೆ ಅಷ್ಟೂ ವ್ಯತ್ಯಾಸ ಬಂದಿಲ್ಲ.”

ಆ ಮೊಳೆಯೇ ನನ್ನ ಹೆಮ್ಮೆ. ಬಂದರು ಕಟ್ಟಿದ ಕಾಲದಲ್ಲಿ ಬೆಟ್ಟದ ಬಂಡೆಯಿಂದ ಅಳೆದುಕೊಂಡು ಬಂದು ಹೊಡೆದ ಮೊಳೆ ಅದು. ಎತ್ತರವನ್ನು ಪಕ್ಕದ ಕಲ್ಲಿನಲ್ಲೇ ಕೆತ್ತಿದ್ದಾರೆ. ಕೊಳವೆ ತಾನಾಗಿ ಕುಸಿದಿದ್ದರೆ ಮೊಳೆಯ ಎದುರು ಸಿಕ್ಕಿಬೀಳಬೇಕು. ಅದು ಸಿಕ್ಕಿಬಿದ್ದದ್ದೇ ಇಲ್ಲ.

ಅವಳು ಕೇಳಿದಳು: “ಮೊಳೆನ ಯಾವುದಕ್ಕೆ ತಾಳೆ ನೋಡ್ತೀರಿ ಅಕ್ಕಾ?”

“ಮೊಳೆನ ಯಾಕೆ ನೋಡ್ಬೇಕು? ಅದು ಗೋಡೇಲಿದೆ!”

“ಗೋಡೆ ನೆಲದ ಮೇಲಿದೆ. ಆ ನೆಲ ಮಣ್ಣು ತುಂಬಿಸಿ ಮಾಡಿದ್ದು ಅಂತಾರಲ್ಲ. ಒಂದೇ ದೋಣೀಲಿ ಕೂತೋರು ಒಬ್ಬರನ್ನೊಬ್ಬರು ನೋಡ್ಕೊಂಡ್ರೆ ದೋಣಿ ಮುಳುಗ್ತಿದೆ ಅಂತ ಹೇಗೆ ಗೊತ್ತಾಗುತ್ತೆ? ಬೆಟ್ಟದ ಬಂಡೆವರೆಗೂ ಹೋಗಿ ಅಳೆದ್ರೆ ಹೇಗೆ?”

ಕೆಳಗೆ ಬಾಗಿಲಲ್ಲಿ ಬಟ್ಟೆ ಮಡಿಸುತ್ತಾ ಕೂತಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು. “ಈಗ ನೆಲದ್ದೂ ತಪ್ಪಾ? ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ” ಎಂದು ನಕ್ಕರು. ಆ ಮಾತು ಯಾರಿಗೆ ಹೇಳಿದ್ದು? ಅವಳಿಗಂತೂ ಅಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಬೂಟು ಬಿಚ್ಚುವ ನೆಪದಲ್ಲಿ ತಲೆ ಬಗ್ಗಿಸಿದೆ.

ಬೆಟ್ಟದವರೆಗೆ ಅಳೆಯಲು ಒಪ್ಪಿದ್ದು ನೆಲ ನೋಡಲು ಅಲ್ಲ. ಮೊಳೆ ಕದಲಿಲ್ಲ ಎಂದು ತೋರಿಸಿ, ಅವಳ ಉಪಗ್ರಹವೇ ಸುಳ್ಳು ಎಂದು ಕೆಮ್ಮಣ್ಣನ ಮುಂದೆ, ಮುಖ್ಯವಾಗಿ ಅತ್ತೆಯ ಮುಂದೆ, ಸಾರಬೇಕಿತ್ತು. ನನ್ನ ಕೊಳವೆ ಉಳಿಯಬೇಕು, ಅವಳು ಸೋಲಬೇಕು. ಎರಡೂ ಆಗಬೇಕಿತ್ತು ನನಗೆ. ಒಂದೇ ಆದರೆ ಸಾಲದು.

ಈ ಕೆಲಸ ಒಬ್ಬರಿಂದ ಆಗುವುದಿಲ್ಲ. ಒಬ್ಬರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಲೆವೆಲ್ ಯಂತ್ರ ಇಟ್ಟು ದುರ್ಬೀನಿನಲ್ಲಿ ನೋಡಬೇಕು. ಇನ್ನೊಬ್ಬರು ಅಳತೆಯ ಕೋಲನ್ನು, ಅದಕ್ಕೆ ಕೂರಿಸಿದ ಗಾಜಿನ ನಳಿಗೆಯ ಗುಳ್ಳೆ ನಡುವೆಯೇ ನಿಲ್ಲುವಂತೆ, ನೆಟ್ಟಗೆ ಹಿಡಿದು ನಿಲ್ಲಬೇಕು. ಮೊದಲು ಹಿಂದಿನ ಜಾಗದಲ್ಲಿ ಕೋಲಿನ ಅಂಕಿ ಓದಿ, ಆಮೇಲೆ ಮುಂದಿನ ಜಾಗದಲ್ಲಿ ಓದಿ, ವ್ಯತ್ಯಾಸ ಬರೆದುಕೊಂಡು, ಯಂತ್ರವನ್ನು ಮುಂದಕ್ಕೆ ಸಾಗಿಸಬೇಕು. ಯಂತ್ರ ಸಾಗುವಾಗ ಕೋಲು ನಿಂತ ಜಾಗದಿಂದ ಅಲುಗಬಾರದು. ಅಲುಗಿದರೆ ಅಲ್ಲಿವರೆಗಿನ ದುಡಿಮೆ ನೀರುಪಾಲು. ಹೀಗೆ ಬೆಟ್ಟದವರೆಗೆ ಹೋಗಿ, ಹಾಗೇ ವಾಪಸ್ ಬರಬೇಕು. ಹೋದ ಲೆಕ್ಕ, ಬಂದ ಲೆಕ್ಕ ಒಂದಾದರೆ ಅಳತೆ ಗಟ್ಟಿ.

ಯಂತ್ರ ಅವಳ ಕೈಗೆ ಬಂತು, ಕೋಲು ನನ್ನ ಕೈಗೆ. ಕೆಮ್ಮಣ್ಣನ ಅಪ್ಪಣೆ. ಇಲ್ಲೂ ನಾನು ಕೂಲಿ, ಅವಳು ರಾಣಿ!

“ಎಡಕ್ಕೆ ಸ್ವಲ್ಪ ವಾಲಿದೆ ಅಕ್ಕಾ!”

“ವಾಲಿಲ್ಲ! ಗುಳ್ಳೆ ನಡುವೇನೇ ಇದೆ!”

ಬೀದಿಯುದ್ದಕ್ಕೂ ಇದೇ ಕೂಗಾಟ. ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು. ಬೀಗ ರಿಪೇರಿಯವನು, “ಏನಮ್ಮಾ, ರಸ್ತೆ ಅಗಲ ಮಾಡ್ತಾರಾ?” ಎಂದು ಗಾಬರಿಯಾದ. ನಮ್ಮ ಮನೆಯ ಹೊಸ್ತಿಲ ಕೆಳಗಿನ ಕಲ್ಲಿನ ಮೇಲೂ ಕೋಲು ಇಡಬೇಕಾಯಿತು. ಅತ್ತೆ ಕಿಟಕಿಯಿಂದ ಇಣುಕಿ, “ಚಿಕ್ಕವಳೇ, ಬಿಸಿಲಲ್ಲಿ ತಲೆಗೆ ಏನಾದ್ರೂ ಹಾಕ್ಕೋಬಾರ್ದಾ?” ಎಂದರು. ನನಗೇನು, ತಲೆ ಇಲ್ಲವೇ?

ಆ ಮಾತನ್ನೇ ಮೆಲುಕು ಹಾಕುತ್ತಾ ತಿರುವಿನಲ್ಲಿ ನಿಂತಿದ್ದೆ. ಅವಳು ಯಂತ್ರ ಹೊತ್ತು ಮುಂದೆ ಹೋಗುತ್ತಿದ್ದಳು. ಹಿಂದಿನಿಂದ ಒಂದು ತಳ್ಳುಗಾಡಿ ಬಂತು. ಗಾಡಿಯವನು “ಜಾಗ, ಜಾಗ” ಎಂದ. ನಾನು ಕೋಲೆತ್ತಿಕೊಂಡು ಪಕ್ಕಕ್ಕೆ ಸರಿದು, ಗಾಡಿ ಹೋದ ಮೇಲೆ ಮತ್ತೆ ಇಟ್ಟೆ. ಅದೇ ಜಾಗದಲ್ಲಿ ಇಟ್ಟೆನೇ? ಇಟ್ಟೆ ಎಂದುಕೊಂಡೆ.

ಸಂಜೆ ಲೆಕ್ಕ ಕೂಡಿಸಿದಾಗ ಹೋದದ್ದು, ಬಂದದ್ದು ತಾಳೆಯಾಗಲಿಲ್ಲ. ನನಗೆ ಆ ತಳ್ಳುಗಾಡಿ ತಕ್ಷಣ ನೆನಪಾಯಿತು. ಬಾಯಿಂದ ಹೊರಟದ್ದು ಬೇರೆ: “ದುರ್ಬೀನಲ್ಲಿ ಸರಿಯಾಗಿ ನೋಡಿದ್ರೆ ತಾನೇ!”

“ನಾನೇ ಎಲ್ಲೋ ತಪ್ಪು ಓದಿರ್ಬೇಕು ಅಕ್ಕಾ. ನಾಳೆ ಮತ್ತೆ ಮಾಡೋಣ” ಎಂದಳು, ಒಂದು ಮಾತು ಎದುರಾಡದೆ. ಅವಳ ಹೂವಿನಂಥ ಕೈಯಲ್ಲಿ ಸ್ಟ್ಯಾಂಡು ಹೊತ್ತು ಎದ್ದ ಬೊಬ್ಬೆ ಕಾಣಿಸಿತು. ಅಯ್ಯೋ ಎನಿಸಿತು. ಒಳ್ಳೆಯವಳಾಗುವುದರಲ್ಲೂ ಇವಳೇ ಮುಂದೆ ಎಂದು ಮರುಕ್ಷಣವೇ ಉರಿಯಿತು.

ಮರುದಿನ ನಾನು ಕೋಲನ್ನು ಕಲ್ಲುಕಂಬದ ಹಾಗೆ ಹಿಡಿದೆ. ಎರಡು ತಳ್ಳುಗಾಡಿಗಳ ಹತ್ತಿರ ಜಗಳವಾಡಿದೆ, ಕೋಲು ಅಲುಗಿಸಲಿಲ್ಲ. ಲೆಕ್ಕ ತಾಳೆಯಾಯಿತು. ಬೆಟ್ಟದ ಬುಡದ ಶಾಲೆಯ ಮೆಟ್ಟಿಲಲ್ಲಿದ್ದ ಹಳೆಯ ಗುರುತು ಕೆತ್ತಿದ ಎತ್ತರದಲ್ಲೇ ಇತ್ತು. ನಮ್ಮ ಬೀದಿಯ ತುದಿಯ ಸೇತುವೆ ಕಂಬದಲ್ಲಿದ್ದ ಗುರುತು ಕೆಳಗಿತ್ತು. ಕಚೇರಿಯ ಗೋಡೆಯ ನನ್ನ ಹಿತ್ತಾಳೆ ಮೊಳೆಯೂ ಕೆಳಗಿತ್ತು. ಎರಡೂ ಕಡೆ ಒಂದು ಅಂಗೈ ಅಗಲದಷ್ಟು ನೆಲ ಇಳಿದಿತ್ತು, ಮೊಳೆ, ಕೊಳವೆ, ಗೋಡೆ ಎಲ್ಲವನ್ನೂ ಒಟ್ಟಿಗೆ ಹೊತ್ತುಕೊಂಡು.

“ಅಕ್ಕಾ,” ಎಂದಳು ಅವಳು, ಲೆಕ್ಕದ ಹಾಳೆಯಿಂದ ಕಣ್ಣೆತ್ತದೆ. “ನನ್ನ ಉಪಗ್ರಹ ನೀರು ಏರಿದ್ದನ್ನ ಮಾತ್ರ ನೋಡುತ್ತೆ. ನಿಮ್ಮ ಕೊಳವೆ ನೀರು ಏರಿದ್ದನ್ನೂ ನೆಲ ಇಳಿದದ್ದನ್ನೂ ಕೂಡಿಸಿ ಹೇಳುತ್ತೆ. ಎರಡರ ನಡುವೆ ಇದ್ದ ವ್ಯತ್ಯಾಸ ಇದೇ. ನಿಮ್ಮ ಕೊಳವೆ ಕೆಟ್ಟಿಲ್ಲ.”

“ನಾನು ಅವತ್ತೇ ಹೇಳಿದ್ದೆ!” ಎಂದು ಕೂಗಿದೆ. ಮೊಳೆಯನ್ನು ಯಾಕೆ ನೋಡಬೇಕು ಎಂದು ನಾನು ಕೂಗಿದ್ದನ್ನು ಇಬ್ಬರೂ ಎತ್ತಲಿಲ್ಲ. ಒಂದೇ ಕೊರಗು: ಅವಳ ಉಪಗ್ರಹವೂ ಸರಿ ಎಂದಾಯಿತಲ್ಲ. ಇಬ್ಬರೂ ಗೆದ್ದರೆ ಅದೆಂಥ ಗೆಲುವು! ಆದರೂ ಅವಳ ಮುಖ ಸಣ್ಣದಾಗಿತ್ತು. ದಾರಿಯುದ್ದಕ್ಕೂ ಮಾತಿಲ್ಲ. ನಮ್ಮ ಬೀದಿಗೆ ಬಂದಾಗ ತಲೆಯನ್ನೇ ಎತ್ತಲಿಲ್ಲ. ಅಬ್ಬಾ, ಕೊನೆಗೂ ಇವಳಿಗೂ ಹೊಟ್ಟೆ ಉರಿಯುತ್ತದಲ್ಲ ಎಂದು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸಭೆಯಲ್ಲಿ ಅವಳೇ ಎದ್ದು ನಿಂತು ಹೇಳಿದಳು: “ದಡದಲ್ಲಿರೋ ಜನಕ್ಕೆ ಬೇಕಾಗಿರೋದು ಕೊಳವೆಯ ಅಂಕಿ. ಅವರ ಬಾಗಿಲಿಗೆ ನೀರು ಎಷ್ಟು ಹತ್ತಿರ ಬಂತು ಅಂತ ಉಪಗ್ರಹಕ್ಕೆ ಗೊತ್ತಾಗಲ್ಲ. ಇದನ್ನ ಮುಚ್ಚಿದ್ರೆ ನಾವು ಕುರುಡರಾಗ್ತೀವಿ. ಇಷ್ಟು ವರ್ಷ ಒಂದು ದಿನವೂ ತಪ್ಪದೆ ಇದನ್ನ ಕಾಪಾಡಿದ್ದು ನಮ್ಮಕ್ಕ.” ಕೆಮ್ಮಣ್ಣ ಕೆಮ್ಮಿ, ಕೊಳವೆ ಉಳಿಯುತ್ತದೆ, ಹೊಸ ಯಂತ್ರವೂ ಬರುತ್ತದೆ, ಬೆಟ್ಟದವರೆಗಿನ ಅಳತೆ ಪ್ರತಿವರ್ಷ ಆಗಲೇಬೇಕು ಎಂದರು. ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನು ಅವಳ ಕಡೆ ನೋಡಿದೆ. ಅವಳು ಆಗಲೇ ಚೀಲ ಎತ್ತಿಕೊಂಡು ಹೊರಟಿದ್ದಳು.

ಮನೆಗೆ ನಾನು ನಡೆದು ಬರಲಿಲ್ಲ, ತೇಲಿ ಬಂದೆ. ಊಟಕ್ಕೆ ಎಲ್ಲರೂ ಕೂತಿದ್ದರು. ಸೌಟು ನನ್ನ ಕೈಯಲ್ಲಿತ್ತು, ಮಾತೂ ನನ್ನ ಬಾಯಲ್ಲೇ.

“ಕೇಳಿ ಅತ್ತೆ, ಕೊಳವೆ ಮುಚ್ಚಲ್ಲ! ನನ್ನ ಲೆಕ್ಕವೇ ಸರಿ ಅಂತ ಒಪ್ಕೊಂಡ್ರು. ಉಪಗ್ರಹಕ್ಕೆ ಕಾಣದೇ ಇದ್ದದ್ದು ನನ್ನ ಕೊಳವೆಗೆ ಕಾಣ್ತು. ನೀರು ಏರ್ತಿದೆ, ಅದರ ಜೊತೆಗೆ ನೆಲ ಇಳೀತಿದೆ! ಬಂದರು, ಸೇತುವೆ, ನಮ್ಮ ಈ ಬೀದಿ, ಎಲ್ಲಾ...”

ಸೌಟು ಗಾಳಿಯಲ್ಲೇ ನಿಂತಿತು. ಆ ಮಾತು ನನ್ನ ಬಾಯಿಂದಲೇ ಬಂದಿತ್ತು, ಆದರೆ ನನ್ನ ಕಿವಿಗೆ ಬಿದ್ದದ್ದು ಆಗಲೇ. ಈ ಮನೆ ಅತ್ತೆ ಕಟ್ಟಿಸಿದ್ದು. ಮಾವ ಹೋದ ಮೇಲೆ ಊರವರ ಬಟ್ಟೆ ಹೊಲಿದು ಹೊಲಿದು, ಮೊದಲು ಒಂದು ಕೋಣೆ, ಆಮೇಲೆ ಇನ್ನೊಂದು, ಕೊನೆಗೆ ಮಹಡಿ. ಅವರ ಬೆರಳಿಗೆ ಈಗ ಸೂಜಿ ಹಿಡಿಯಲು ಬರುವುದಿಲ್ಲ. ಓರಗಿತ್ತಿ ತಟ್ಟೆಯಲ್ಲಿ ಬೆರಳಾಡಿಸುತ್ತಾ ತಲೆ ಬಗ್ಗಿಸಿ ಕೂತಿದ್ದಳು. ಇಷ್ಟು ದಿನ ಅವಳ ಮುಖದಲ್ಲಿ ನಾನು ಹೊಟ್ಟೆಕಿಚ್ಚು ಎಂದುಕೊಂಡದ್ದು ಇದೇ. ಅವಳಿಗೆ ಲೆಕ್ಕದ ಹಾಳೆ ನೋಡಿದಾಗಲೇ ತಿಳಿದಿತ್ತು. ನನಗೆ ಗೆಲುವಿನ ಅಮಲಿನಲ್ಲಿ ತಿಳಿದಿರಲಿಲ್ಲ.

“ನಮ್ಮ ಮನೇನೂ ಸೇರಿ?” ಎಂದರು ಅತ್ತೆ.

ಓರಗಿತ್ತಿ ಬಾಯಿ ತೆರೆದಳು. ಅತ್ತೆ ಕೈಯೆತ್ತಿ ತಡೆದರು. “ನೀನು ಸುಮ್ನಿರು ಚಿಕ್ಕವಳೇ. ನೀನು ಮೇಲಿಂದ ನೋಡೋಳು. ಇದು ದೊಡ್ಡವಳ ವಿಷಯ. ಇಷ್ಟು ವರ್ಷ ಆ ನೀರಿನ ಹತ್ರ ಕೂತಿರೋಳು ಅವಳು. ನೀನು ಹೇಳಮ್ಮಾ. ನಿನ್ನ ಮಾತು ನಂಬ್ತೀನಿ. ನೀರು ಈ ಮನೆ ಒಳಗೆ ಬರುತ್ತಾ?”

ಆ ಒಂದು ಮಾತಿಗಾಗಿ ನಾನು ಎಷ್ಟು ವರ್ಷ ಹಲ್ಲು ಕಚ್ಚಿಕೊಂಡು ಕಾದಿದ್ದೆ. ನಿನ್ನ ಮಾತು ನಂಬುತ್ತೇನೆ ಎಂದರು, ಅವಳನ್ನು ಪಕ್ಕಕ್ಕೆ ಸರಿಸಿ, ಎಲ್ಲರ ಎದುರಿಗೆ. ಗಂಡ, ಮೈದುನ ಇಬ್ಬರೂ ಊಟ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನನಗೆ ಉತ್ತರ ಗೊತ್ತಿತ್ತು. ಹೊಸ್ತಿಲ ಕಲ್ಲಿನ ಎತ್ತರವನ್ನು ನಾನೇ ಕೋಲು ಹಿಡಿದು ನಿಂತು ಅಳೆದಿದ್ದೆನಲ್ಲ.

“ಅತ್ತೆ,” ಎಂದೆ. “ನನ್ನ ಕೊಳವೆ ತಪ್ಪು ತೋರಿಸ್ತಿರಬಹುದು. ಹಳೇದು ಅದು.”

ಅತ್ತೆ ನನ್ನ ಮುಖವನ್ನೇ ನೋಡಿದರು.

“ಈ ಮನೆಗೆ ಬಂದಾಗಿಂದ ಒಂದು ದಿನವೂ ನೀನು ಹಾಗಂದಿಲ್ಲ” ಎಂದರು. “ಹಾಗಾದ್ರೆ ಬಂದೇ ಬರುತ್ತೆ.”

ಓರಗಿತ್ತಿ ತಡೆಯಲಾರದೆ ಅಳತೊಡಗಿದಳು. ಅತ್ತೆ ಅವಳ ಕಡೆ ಬಾಗಿ ತಲೆ ಸವರುತ್ತಾ, “ಅಳಬೇಡ ಕೂಸೇ, ಅಳಬೇಡ, ನಾನಿದ್ದೀನಲ್ಲ” ಎಂದರು. ನಾನು ಸೌಟು ಹಿಡಿದು ನಿಂತೇ ಇದ್ದೆ. ನನ್ನ ತಲೆ ಸವರಲು ಯಾರೂ ಬರಲಿಲ್ಲ. ಆ ಹೊತ್ತಿನಲ್ಲೂ ಅವಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು, ಅವಳಿಗೆ ಅಳಲಾದರೂ ಬರುತ್ತಿತ್ತು ಎಂದು.